ಪಂಕದಲ್ಲೊಂದು ಪಿಟೀಲು

ಚಾಂದ್‌ಖೇಡಾದಲ್ಲಿ ಮನೆ ಮಾಡಿದವರಿಗೆ ಗದ್ದಲ ಹೊಸದಲ್ಲ. ಬೆಳಗಾದರೆ ತರಕಾರಿ ಗಾಡಿಯವನ ಕೂಗು. ಹಗಲೆಲ್ಲ ಗಾಂಧಿನಗರದ ಹಾದಿಯ ಹಾರನ್ನುಗಳು. ನವರಾತ್ರಿ ಬಂದರೆ ನಡುರಾತ್ರಿಯವರೆಗೆ ಗರ್ಬಾ. ಉತ್ತರಾಯಣ ಬಂದರೆ ಮಾಳಿಗೆಯಿಂದ ಮಾಳಿಗೆಗೆ ಹಾರುವ ‘ಕಾಯ್ಪೋ ಛೇ’ ಎಂಬ ಜಯಘೋಷ. ಇವೆಲ್ಲಕ್ಕೂ ಪಳಗಿದ್ದ ನಮ್ಮ ಕಿವಿ ಕಳೆದ ವರ್ಷದ ಬೇಸಿಗೆಯ ಒಂದು ಭಾನುವಾರ ಮಾತ್ರ ದಂಗೆ ಎದ್ದಿತು.

ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಅಡ್ಡಾಗಿದ್ದೆವು. ಕಣ್ಣು ಮುಚ್ಚುವುದರೊಳಗೆ ಮಗಳ ಕೋಣೆಯಿಂದ ಡ್ರಮ್ಮಿನ ಬಡಿತ, ವಿದ್ಯುತ್ ಗಿಟಾರಿನ ಗರ್ಜನೆ, ಅವೆರಡರ ಮೇಲೆ ಯಾವನೋ ತರುಣನ ಕೂಗು ಒಟ್ಟಿಗೇ ಹೊರಬಿದ್ದವು. ಇದು ಸಂಗೀತವೋ, ಪಾತ್ರೆ ಅಂಗಡಿಯ ಅಟ್ಟ ಕುಸಿದ ಸದ್ದೋ ತಿಳಿಯಲಿಲ್ಲ. ತಂದೆಯಾದವನ ಅಧಿಕಾರವನ್ನು ಒಮ್ಮೆ ಚಲಾಯಿಸಿಬಿಡೋಣವೆಂದು ಎದ್ದು ಹೊರಟೆವು. ಆದರೆ ನಮಗಿಂತ ಮೊದಲೇ ನಮ್ಮ ತಾಯಿ ಅಲ್ಲಿಗೆ ತಲುಪಿದ್ದರು. ಎಪ್ಪತ್ತೆಂಟು ದಾಟಿದ ಆಕೆ ಬಾಗಿಲ ಚೌಕಟ್ಟಿಗೆ ಒರಗಿ, ತಲೆ ಒಂದು ಪಕ್ಕಕ್ಕೆ ವಾಲಿಸಿ ನಿಂತಿದ್ದರು. ನಾವು ಬಾಯಿ ತೆರೆಯುವ ಮೊದಲೇ ಕೈಯೆತ್ತಿ ತಡೆದರು.

“ಸುಮ್ನಿರೋ, ಗದರಬೇಡ. ಇದರೊಳಗೆ ಎಲ್ಲೋ ಪಿಟೀಲಿದೆ.”

ಕಿವಿಗೊಟ್ಟು ಕೇಳಿದೆವು. ನಿಜವೇ! ಆ ಗರ್ಜನೆಯ ಮೇಲೆ, ಮಳೆಗಾಲದ ಮೋಡದ ಮೇಲೆ ಬೆಳ್ಳಕ್ಕಿ ಹಾರಿದಂತೆ, ಒಂದು ಪಿಟೀಲು ಉದ್ದುದ್ದ ಸ್ವರಗಳನ್ನೆಳೆಯುತ್ತ ಹೋಗುತ್ತಿತ್ತು.

ಇಷ್ಟಕ್ಕೇ ನಾವು ಬೆರಗಾದೆವೆಂದು ಓದುಗರು ನಗಬಾರದು. ನಮ್ಮ ಮನೆಯಲ್ಲಿಯೂ ಒಂದು ಪಿಟೀಲಿದೆ. ಮಗಳು ಆರು ವರ್ಷ ವಾರಕ್ಕೆರಡು ದಿನ ಸಾಬರಮತಿ ದಾಟಿ ಮಣಿನಗರದ ಒಬ್ಬ ಹಿರಿಯ ವಿದುಷಿಯರ ಬಳಿ ಕಲಿತಳು. ವರ್ಣಗಳು ಮುಗಿದು ಕೃತಿಗಳು ಶುರುವಾಗಿದ್ದವು. ಹತ್ತನೆಯ ತರಗತಿಯ ಪರೀಕ್ಷೆಯ ಹೆಸರಿನಲ್ಲಿ ಪಾಠ ನಿಂತಿತು. ಪರೀಕ್ಷೆ ಮುಗಿದರೂ ಮತ್ತೆ ಶುರುವಾಗಲಿಲ್ಲ. ಎಂಟು ತಿಂಗಳಿಂದ ಪೆಟ್ಟಿಗೆ ಬೀರುವಿನ ಮೇಲೆ ಧೂಳು ತಿನ್ನುತ್ತಿತ್ತು. ನಾವು ಗದರಿದ್ದೆವು, ನಮ್ಮಾಕೆ ಪುಸಲಾಯಿಸಿದ್ದಳು, ಎರಡೂ ಫಲಿಸಿರಲಿಲ್ಲ. “ನನ್ನ ಸ್ನೇಹಿತರು ಯಾರೂ ಇದನ್ನು ಕೇಳೋದಿಲ್ಲ ಅಪ್ಪ. ನಾನೊಬ್ಬಳೇ ಯಾರಿಗೆ ನುಡಿಸಲಿ?” ಎಂದು ಅವಳು ಒಮ್ಮೆ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಪಿಟೀಲು ಹೋದ ಹಾದಿಯಲ್ಲೇ ನಾಳೆ ಕನ್ನಡವೂ ಹೋದೀತೆಂಬ ಹೆದರಿಕೆಯನ್ನು ಮಾತ್ರ ಮನಸ್ಸಿನಲ್ಲೇ ಇಟ್ಟುಕೊಂಡೆವು. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುವವರಿಗೆ ಈ ಹೆದರಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಂಕವೋ, ಪಂಕಜವೋ?

ಅಂದು ಮಧ್ಯಾಹ್ನ ನಿದ್ದೆಗೆ ತಿಲಾಂಜಲಿಯಿತ್ತು, ಅಜ್ಜಿ-ಮಗ ಇಬ್ಬರೂ ಹುಡುಗಿಯ ಮಂಚದ ಮೇಲೆ ಕುಳಿತು ಪಾಠ ಹೇಳಿಸಿಕೊಂಡೆವು. ತಂಡದ ಹೆಸರು ಯೆಲ್ಲೋಕಾರ್ಡ್. ಅಮೆರಿಕದ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್ ನಗರದಲ್ಲಿ, ಒಂದು ಕಲಾಶಾಲೆಯ ವಿದ್ಯಾರ್ಥಿಗಳು ೧೯೯೭ರಲ್ಲಿ ಕಟ್ಟಿಕೊಂಡ ತಂಡ. ನಾವು ಕೇಳಿದ ಆಲ್ಬಮ್ ‘ಓಷನ್ ಅವೆನ್ಯೂ’, ಹೊರಬಂದದ್ದು ೨೦೦೩ರ ಜುಲೈಯಲ್ಲಿ. ಅದರಲ್ಲಿ ೧೩ ಹಾಡುಗಳಿವೆ. ಅಮೆರಿಕ ಒಂದರಲ್ಲೇ ಹತ್ತು ಲಕ್ಷಕ್ಕೂ ಮೀರಿ ಪ್ರತಿಗಳು ಖರ್ಚಾದವಂತೆ. ಅದು ಹೊರಬಂದಾಗ ನಮ್ಮ ಮಗಳು ಹುಟ್ಟಿಯೇ ಇರಲಿಲ್ಲ. ಶಾಲೆಯ ಬಸ್ಸಿನಲ್ಲಿ ಪಕ್ಕ ಕೂರುವ ಗುಜರಾತಿ ಗೆಳತಿ, “ನಿನ್ನ ವಾದ್ಯ ಇದರಲ್ಲಿದೆ ನೋಡು” ಎಂದು ಕಳಿಸಿದ್ದಳಂತೆ. ನಮ್ಮ ಗದರಿಕೆಯಿಂದ ಆಗದ ಕೆಲಸ ಗೆಳತಿಯ ಆ ಒಂದು ಮಾತಿನಿಂದ ಆರಂಭವಾಯಿತು.

ಈ ಬಗೆಯ ಸಂಗೀತಕ್ಕೆ ಪಾಪ್-ಪಂಕ್ ಎಂದು ಹೆಸರು. “ಪಂಕ ಅಂದರೆ ಕೆಸರಲ್ವೇನೇ?” ಎಂದರು ನಮ್ಮ ತಾಯಿ. ಶಬ್ದಕ್ಕೂ ಶಬ್ದಕ್ಕೂ ಸಂಬಂಧವಿಲ್ಲದಿದ್ದರೂ ಅರ್ಥ ಅಷ್ಟೇನೂ ದೂರವಿಲ್ಲ. ೧೯೭೦ರ ದಶಕದಲ್ಲಿ ರಾಕ್ ಸಂಗೀತ ಬಲು ಶ್ರೀಮಂತವಾಗಿ, ಒಂದೊಂದು ಗಿಟಾರ್ ವಿನಿಕೆಯೂ ಹತ್ತು ನಿಮಿಷ ಎಳೆಯುತ್ತಿದ್ದಾಗ, ನ್ಯೂಯಾರ್ಕ್ ಮತ್ತು ಲಂಡನ್ನಿನ ಬಡ ಹುಡುಗರು ಅದಕ್ಕೆ ತಿರುಗಿಬಿದ್ದರು. ಮೂರು ಸ್ವರಮೇಳ, ಒಂದು ಗಿಟಾರ್, ಒಂದು ಡ್ರಮ್, ಎರಡು ನಿಮಿಷದ ಹಾಡು. ಇಷ್ಟಿದ್ದರೆ ಯಾರು ಬೇಕಾದರೂ ಹಾಡಬಹುದೆಂಬುದೇ ಅವರ ಶಾಸ್ತ್ರ. ೧೯೭೬ರಲ್ಲಿ ನ್ಯೂಯಾರ್ಕಿನ ರಾಮೋನ್ಸ್ ತಂಡದ ಮೊದಲ ಆಲ್ಬಮ್ಮಿನಲ್ಲಿ ೧೪ ಹಾಡುಗಳಿದ್ದು, ಎಲ್ಲವೂ ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತವೆ. ಆ ಕೆಸರಿನಲ್ಲಿ ಇಂಪಾದ ರಾಗಗಳು ಮೊಳೆತಾಗ ಅದು ಪಾಪ್-ಪಂಕ್ ಆಯಿತು. ೧೯೯೪ರಲ್ಲಿ ಗ್ರೀನ್ ಡೇ ತಂಡದ ‘ಡೂಕಿ’ ಎಂಬ ಆಲ್ಬಮ್ ಅದನ್ನು ಮನೆಮನೆಗೂ ಮುಟ್ಟಿಸಿತು.

ಇಂಥ ಸಂಗೀತಕ್ಕೆ ಪಿಟೀಲು ತರುವುದೆಂದರೆ ಗರಡಿಮನೆಗೆ ವೀಣೆ ಹೊತ್ತು ತಂದಂತೆ. ಅದನ್ನು ತಂದವನು ಶಾನ್ ಮ್ಯಾಕಿನ್, ಪಾಶ್ಚಾತ್ಯ ಶಾಸ್ತ್ರೀಯ ಕ್ರಮದಲ್ಲಿ ಕಲಿತವನು. “ಅವನು ನಿಂತುಕೊಂಡೇ ನುಡಿಸ್ತಾನೆ ಅಜ್ಜಿ. ವೇದಿಕೆ ಮೇಲೆ ಹಿಂದಕ್ಕೆ ಲಾಗಾನೂ ಹಾಕ್ತಾನೆ” ಎಂದಳು ಮಗಳು. ಅಜ್ಜಿಗೆ ಗಾಬರಿ. “ಅಯ್ಯೋ, ಕುದುರೆ ಬಿದ್ದುಹೋಗೋದಿಲ್ವೇನೇ?” ಎಂದರು. ಪಿಟೀಲಿನ ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆಯನ್ನು ಕುರಿತು ಅವರ ಚಿಂತೆ. ಲಾಗ ಹಾಕಿದವನ ಕತ್ತಿನ ಚಿಂತೆ ಅವರಿಗೆ ಹೊಳೆದಂತೆ ಕಾಣಲಿಲ್ಲ.

ಕಮಾನಿನ ಕೆಲಸ

ಎರಡನೆಯ ಸಲ, ಮೂರನೆಯ ಸಲ ಕೇಳಿದಾಗ ಗದ್ದಲದೊಳಗಿನ ಏರ್ಪಾಡು ತಿಳಿಯತೊಡಗಿತು. ಗಿಟಾರು ಕೆಳಸ್ಥಾಯಿಯಲ್ಲಿ ಸ್ವರಗಳನ್ನು ತುಂಡುತುಂಡಾಗಿ ಕೊಚ್ಚುತ್ತದೆ. ಡ್ರಮ್ಮು ಓಡುವ ಕುದುರೆಯ ಗೊರಸಿನಂತೆ ಬಡಿಯುತ್ತದೆ. ಪಿಟೀಲು ಅವುಗಳೊಡನೆ ಜಗಳಕ್ಕೆ ಹೋಗುವುದಿಲ್ಲ. ಅವು ಮುಟ್ಟದ ಮೇಲಿನ ಸ್ಥಾಯಿಗೆ ಹೋಗಿ, ಅವು ತುಂಡರಿಸಿದ್ದನ್ನು ಒಂದೇ ಉದ್ದನೆಯ ಕಮಾನಿನಿಂದ ಹೊಲಿಯುತ್ತದೆ. ಹಾಡುವವನು ಉಸಿರೆಳೆದುಕೊಳ್ಳುವ ಜಾಗದಲ್ಲಿ ಒಂದು ಸೊಲ್ಲು ನುಡಿದು ಹಿಂದೆ ಸರಿಯುತ್ತದೆ. ನಮ್ಮ ಕಛೇರಿಗಳಲ್ಲಿ ಗಾಯಕರ ಬೆನ್ನಿಗೆ ಪಕ್ಕವಾದ್ಯವಾಗಿ ಪಿಟೀಲು ಮಾಡುವುದೂ ಹೆಚ್ಚುಕಡಿಮೆ ಇದೇ ಉಪಕಾರವನ್ನಲ್ಲವೆ?

ಹಾಡುಗಳ ವಿಷಯವೂ ನಾವೆಣಿಸಿದಷ್ಟು ಪುಂಡಾಟಿಕೆಯದಲ್ಲ. ‘ಬಿಲೀವ್’ ಎಂಬುದು ೨೦೦೧ರ ಸೆಪ್ಟೆಂಬರ್ ೧೧ರಂದು ನ್ಯೂಯಾರ್ಕಿನ ಗೋಪುರಗಳೊಳಗೆ ಜನರನ್ನು ಉಳಿಸಲು ನುಗ್ಗಿದವರ ನೆನಪಿಗೆ ಕಟ್ಟಿದ ಹಾಡು. ‘ಲೈಫ್ ಆಫ್ ಎ ಸೇಲ್ಸ್‌ಮನ್’ ಮಗನೊಬ್ಬ ತನ್ನ ತಂದೆಗೆ ಸಲ್ಲಿಸುವ ಕೃತಜ್ಞತೆ. ಕೊನೆಯ ಹಾಡು ‘ಬ್ಯಾಕ್ ಹೋಮ್’, ಫ್ಲಾರಿಡಾ ಬಿಟ್ಟು ಕ್ಯಾಲಿಫೋರ್ನಿಯಾ ಸೇರಿದ ಹುಡುಗರ ಊರಿನ ಹಂಬಲ. ತೈಲ ಆಯೋಗದ ಕೆಲಸಕ್ಕೋ ಇನ್ನೊಂದಕ್ಕೋ ಸಾವಿರ ಮೈಲಿ ದಾಟಿ ಈ ಚಾಂದ್‌ಖೇಡಾಕ್ಕೆ ಬಂದು, ಯುಗಾದಿಯ ದಿನ ಬೇವಿನ ಹೂವಿಗಾಗಿ ಬೀದಿ ಸುತ್ತುವ ನಮ್ಮಂಥವರಿಗೆ ಆ ಹಂಬಲ ಪರಕೀಯವೆನಿಸಲಿಲ್ಲ.

ಪಿಟೀಲು ಯಾರದು?

ರಾತ್ರಿ ಊಟದ ಹೊತ್ತಿಗೆ ನಮ್ಮೊಳಗಿನ ಸಂಪ್ರದಾಯಸ್ಥ ಮತ್ತೆ ತಲೆಯೆತ್ತಿದ. “ಏನೇ ಆದರೂ ನಮ್ಮ ಪಿಟೀಲನ್ನು ಆ ಗಲಾಟೆಗೆ ಸೇರಿಸಿದ್ದು ಸರಿಯಲ್ಲ” ಎಂದೆವು. “ನಮ್ಮದು ಯಾವಾಗ ಆಯಿತಪ್ಪ?” ಎಂದಳು ಹುಡುಗಿ. ಮಕ್ಕಳ ಪ್ರಶ್ನೆಗಳು ಕೆಲವೊಮ್ಮೆ ಗ್ರಂಥಾಲಯಕ್ಕೆ ಹಾದಿ ತೋರಿಸುತ್ತವೆ.

ಪಿಟೀಲು ಯೂರೋಪಿನಿಂದ ಬಂದ ಅತಿಥಿ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಇಂಗ್ಲಿಷರ ಬ್ಯಾಂಡಿನವರಿಂದ ಅದನ್ನು ಕಲಿತು, ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು. ಅಂದರೆ ಆ ವಾದ್ಯ ನಮ್ಮ ಮನೆ ಹೊಕ್ಕು ಇನ್ನೂರು ವರ್ಷಕ್ಕೆ ತುಸು ಹೆಚ್ಚಾಗಿದೆ, ಅಷ್ಟೆ. ಸೊಲ್ಲಾಪುರದ ಸೊಸೆ ಮೈಸೂರಿಗೆ ಬಂದು ಹುಳಿ ಮಾಡಲು ಕಲಿತಂತೆ, ಅದೂ ನಮ್ಮ ಮನೆಯ ರೀತಿನೀತಿ ಕಲಿಯಿತು. ಅಲ್ಲಿ ಗದ್ದಕ್ಕೊತ್ತಿ ನಿಂತು ನುಡಿಸುತ್ತಿದ್ದುದು, ಇಲ್ಲಿ ಚಾಪೆಯ ಮೇಲೆ ಕುಳಿತವರ ಬಲಪಾದದ ಮೇಲೆ ತಲೆಯಿಟ್ಟು ಮಲಗಿತು. ತಂತಿಗಳ ಶ್ರುತಿ ಬದಲಾಗಿ ಷಡ್ಜ-ಪಂಚಮ, ಷಡ್ಜ-ಪಂಚಮವಾಯಿತು. ಬೆರಳುಗಳು ಸ್ವರದಿಂದ ಸ್ವರಕ್ಕೆ ನೆಗೆಯುವುದನ್ನು ಬಿಟ್ಟು ಗಮಕದಲ್ಲಿ ಜಾರಲು ಕಲಿತವು. ಹೆಸರೂ ‘ಪಿಟೀಲು’ ಎಂದು ಎಷ್ಟು ಕನ್ನಡವಾಯಿತೆಂದರೆ, ಬಿಡದೆ ತಲೆ ತಿನ್ನುವವನನ್ನು “ಸಾಕು, ಪಿಟೀಲು ಕುಯ್ಯಬೇಡ” ಎಂದು ಗದರುವಾಗ ಅದು ಹೊರಗಿನ ಮಾತೆಂಬ ನೆನಪೇ ನಮಗಿರುವುದಿಲ್ಲ.

ಆಮೇಲೆ ಬಂದವರು ನಮ್ಮವರೇ ಆದ ತಿರುಮಕೂಡಲು ಚೌಡಯ್ಯನವರು (೧೮೯೫–೧೯೬೭). ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಕಠಿಣ ಗುರುಕುಲದಲ್ಲಿ ತಯಾರಾದವರು. ಧ್ವನಿವರ್ಧಕಗಳಿಲ್ಲದ ಆ ದಿನಗಳಲ್ಲಿ ಪಿಟೀಲಿನ ನಾದ ಸಭೆಯ ಕೊನೆಯ ಸಾಲಿಗೆ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿಬಿಟ್ಟರು! ಪಂಡಿತರು ಹುಬ್ಬು ಗಂಟಿಕ್ಕಿದರು. ಜನ ಕಿವಿ ತೆರೆದರು. ೧೯೫೭ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದಿತ್ತಿತು. ಬೆಂಗಳೂರಿನಲ್ಲಿ ಅವರ ನೆನಪಿಗೆ ಪಿಟೀಲಿನ ಆಕಾರದಲ್ಲೇ ಕಟ್ಟಿದ ಸಭಾಂಗಣವನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿರಬಹುದು. ನಮ್ಮ ತಾಯಿ ಹದಿಮೂರು ವರ್ಷದ ಹುಡುಗಿಯಾಗಿದ್ದಾಗ ರಾಮನವಮಿಯ ಚಪ್ಪರದಲ್ಲಿ ಅವರನ್ನು ಕೇಳಿದ್ದರು. ಚಪ್ಪರದ ಹೊರಗೆ ನಿಂತವರಿಗೂ ಆ ನಾದ ಕೇಳಿಸುತ್ತಿತ್ತೆಂದು ಈಗಲೂ ಹೇಳುತ್ತಾರೆ. ಗದ್ದಲದೊಳಗೆ ಪಿಟೀಲನ್ನು ಹೆಕ್ಕುವ ಕಿವಿ ಅವರಿಗೆ ಎಲ್ಲಿಂದ ಬಂತೆಂಬುದು ನಮಗೆ ಆಗ ಅರ್ಥವಾಯಿತು.

ಅಣ್ಣ ಕೊಟ್ಟ ತಟ್ಟೆ

ಹೊಸ ವಾದ್ಯ ಬಂದಾಗ ನಗುವುದು ಲೋಕರೂಢಿ. ದಕ್ಷಿಣ ಕನ್ನಡದ ಬಂಟ್ವಾಳದ ಹತ್ತಿರದ ಸಜಿಪಮೂಡದಲ್ಲಿ ೧೯೪೯ರಲ್ಲಿ ಹುಟ್ಟಿದ ಗೋಪಾಲನಾಥರು ನಾಗಸ್ವರದ ಮನೆತನದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು. ಆ ಹಿತ್ತಾಳೆಯ ಕೊಳವೆಯಲ್ಲಿ ಗಮಕ ಹೊರಡಿಸುವುದು ಕಲ್ಲಿನಿಂದ ಎಣ್ಣೆ ತೆಗೆದಂಥ ಕೆಲಸ. ಅವರು ವಾದ್ಯದ ಕೀಲಿಗಳನ್ನೇ ಮಾರ್ಪಡಿಸಿಕೊಂಡು, ವರ್ಷಗಟ್ಟಲೆ ದುಡಿದು, ಅದನ್ನು ಕರ್ನಾಟಕ ಸಂಗೀತದ ಪಂಕ್ತಿಯಲ್ಲಿ ಕೂರಿಸಿದರು. ೧೯೯೪ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದರು. ೨೦೦೪ರಲ್ಲಿ ಪದ್ಮಶ್ರೀ ಪಡೆದರು. ೨೦೧೯ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ಕದ್ರಿ ಗೋಪಾಲನಾಥರೆಂದರೆ ಕನ್ನಡಿಗರಿಗೆ ಪರಿಚಯ ಬೇಕಿಲ್ಲ.

ಆದರೆ ಅವರ ಒಂದು ಆಲ್ಬಮ್ ದೂರದೇಶದಲ್ಲಿ ಮಾಡಿದ ಕೆಲಸ ಹೆಚ್ಚು ಮಂದಿಗೆ ತಿಳಿದಿರಲಾರದು. ಕರ್ನಾಟಕದಿಂದ ಹೋದ ತಂದೆತಾಯಿಯರ ಮಗ ರುದ್ರೇಶ್ ಮಹಾಂತಪ್ಪ ಅಮೆರಿಕದ ಕೊಲರಾಡೊದಲ್ಲಿ ಬೆಳೆದು, ಬಾಸ್ಟನ್ನಿನಲ್ಲಿ ಜಾಸ್ ಸ್ಯಾಕ್ಸೊಫೋನ್ ಕಲಿಯುತ್ತಿದ್ದ. ಅವನ ಅಣ್ಣ ಒಂದು ದಿನ ತಮಾಷೆಗೆಂದು ಒಂದು ತಟ್ಟೆ ತಂದುಕೊಟ್ಟ. ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’ ಎಂದು ಅದರ ಹೆಸರು, ನುಡಿಸಿದವರು ಕದ್ರಿಯವರು. ನಗುವುದಕ್ಕೆಂದು ಹಾಕಿದ ತಟ್ಟೆ ಹುಡುಗನನ್ನು ಹಿಡಿದು ಕೂರಿಸಿತು. ತನ್ನ ಕೈಯಲ್ಲಿದ್ದ ವಾದ್ಯ ತನ್ನ ತಂದೆತಾಯಿಯ ನಾಡಿನ ರಾಗವನ್ನು ಹಾಡಬಲ್ಲುದೆಂದು ಅವನಿಗೆ ತೋರಿಸಿಕೊಟ್ಟದ್ದು ಅದೇ. ಹಲವು ವರ್ಷಗಳ ಮೇಲೆ ಅವರಿಬ್ಬರೂ ಕೂಡಿ ನುಡಿಸಿದರು. ೨೦೦೮ರಲ್ಲಿ ಬಂದ ಆ ಆಲ್ಬಮ್ಮಿನ ಹೆಸರು ‘ಕಿನ್ಸ್‌ಮೆನ್’. ಕನ್ನಡದಲ್ಲಿ ಹೇಳುವುದಾದರೆ, ಬಂಧುಗಳು. ಅದರಲ್ಲಿ ಎರಡು ಸ್ಯಾಕ್ಸೊಫೋನುಗಳ ಜತೆ ವಿದುಷಿ ಕನ್ಯಾಕುಮಾರಿಯವರ ಪಿಟೀಲೂ ಇದೆ, ಮೃದಂಗವೂ ಇದೆ, ಗಿಟಾರೂ ಡ್ರಮ್ಮೂ ಇವೆ.

ನಮ್ಮ ಊರಿನಲ್ಲಿಯೇ, ಅಷ್ಟು ದೂರವೇಕೆ, ನದಿಯ ಈಚೆ ದಡದ ಪಾಲ್ಡಿಯಲ್ಲಿ, ಇಂಥದೊಂದು ಕಥೆ ನಡೆದಿದೆ. ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ೧೯೬೯ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಎಂಬ ಸಂಗೀತಗಾರ ಮೂಗ್ ಸಿಂಥೆಸೈಸರ್ ಎಂಬ ವಿದ್ಯುತ್ ವಾದ್ಯವನ್ನು ಕೂರಿಸಿಕೊಟ್ಟ. ಪಖಾವಾಜ್ ಬಲ್ಲ ಗೀತಾ ಸಾರಾಭಾಯಿ ಮೊದಲಾದ ಕೆಲವರು ೧೯೭೨ರವರೆಗೆ ಅದರಲ್ಲಿ ಪ್ರಯೋಗ ನಡೆಸಿ ಟೇಪಿನ ಸುರುಳಿಗಳಲ್ಲಿ ತುಂಬಿಟ್ಟರು. ಆ ಸುರುಳಿಗಳು ಅಲ್ಲಿಯೇ, ನಮ್ಮ ಬೀರುವಿನ ಮೇಲಿನ ಪೆಟ್ಟಿಗೆಯಂತೆ, ದಶಕಗಟ್ಟಲೆ ಕುಳಿತಿದ್ದವು. ಬ್ರಿಟನ್ನಿನ ಪಾಲ್ ಪರ್ಗಾಸ್ ಎಂಬ ಕಲಾವಿದ ಅವನ್ನು ಪತ್ತೆಹಚ್ಚಿ, ೨೦೨೩ರಲ್ಲಿ ಆಲ್ಬಮ್ಮಾಗಿ ಹೊರತಂದ ಮೇಲೆ ಲೋಕಕ್ಕೆ ತಿಳಿಯಿತು. ನಾವು ಎಷ್ಟೋ ಸಲ ಪಾಲ್ಡಿಯ ಆ ಗೋಡೆಯ ಪಕ್ಕದಲ್ಲೇ ಬಸ್ಸಿಗೆ ಕಾದಿದ್ದೇವೆ, ಒಳಗೆ ಏನಿದೆಯೆಂದು ತಿಳಿಯದೆ.

ಪೆಟ್ಟಿಗೆ ಕೆಳಗಿಳಿಯಿತು

ಮುಂದಿನ ಭಾನುವಾರ ಬೀರುವಿನ ಮೇಲಿನ ಪೆಟ್ಟಿಗೆ ತಾನಾಗಿ ಕೆಳಗಿಳಿಯಿತು. ಗೆಳತಿಯ ಅಣ್ಣ ಗಿಟಾರು, ಎದುರು ಕಟ್ಟಡದ ಇನ್ನೊಬ್ಬ ಗುಜರಾತಿ ಹುಡುಗ ಡ್ರಮ್ಮು. ನಮ್ಮ ಬಾಲ್ಕನಿಯೇ ಅವರ ಗರಡಿಮನೆ. ಮೊದಲ ದಿನವೇ ತೊಡಕು. ಗಿಟಾರಿನವನು ತನ್ನ ‘ಡಿ’, ‘ಎ’ ಎನ್ನುತ್ತಾನೆ. ಇವಳು ಸ-ಪ ಎನ್ನುತ್ತಾಳೆ. ಒಬ್ಬರ ಭಾಷೆ ಒಬ್ಬರಿಗೆ ತಿಳಿಯದು. ಕೊನೆಗೆ ಅವನ ‘ಡಿ’ಯೇ ಇವಳ ಷಡ್ಜವೆಂದು ಒಪ್ಪಂದವಾಯಿತು. ಆಮೇಲೆ ಅವನ ‘ಎ’ ತಾನಾಗಿ ಇವಳ ಪಂಚಮವಾಗಿ ನಿಂತಿತು.

ಮಣಿನಗರದ ವಿದುಷಿಯವರಿಗೆ ಹೇಳುವುದು ಹೇಗೆಂಬ ಅಳುಕಿತ್ತು. ಆಕೆ ಪೂರ್ತಿ ಕೇಳಿ, “ನುಡಿಸಲಿ. ಆದರೆ ಬರೀ ವೇಗದಲ್ಲಿ ಕಮಾನು ಓಡಿಸಿದರೆ ಗಮಕ ಕೆಡುತ್ತದೆ. ದಿನಾ ಬೆಳಿಗ್ಗೆ ಅರ್ಧ ಗಂಟೆ ನಿಧಾನ ಸರಳೆ ನುಡಿಸಲೇಬೇಕು. ಶನಿವಾರ ಇಲ್ಲಿಗೆ ಬರಬೇಕು” ಎಂದರು. ಎಂಟು ತಿಂಗಳಿಂದ ನಾವು ಸಾಧಿಸಲಾರದ್ದು ಹೀಗೆ ಸಾಧಿತವಾಯಿತು.

ಇನ್ನುಳಿದದ್ದು ನಮ್ಮ ಸಂಘದ ರಾಜ್ಯೋತ್ಸವ. ಮಕ್ಕಳು ಒಂದು ಜಾನಪದ ಗೀತೆಯನ್ನು ತಮ್ಮ ರೀತಿಯಲ್ಲಿ ನುಡಿಸುತ್ತೇವೆಂದಾಗ ಸಭೆಯಲ್ಲಿ ಎರಡು ಪಕ್ಷಗಳಾದವು. ತಾಯಿ ಭುವನೇಶ್ವರಿಯ ಮುಂದೆ ಡ್ರಮ್ಮು ಬಾರಿಸುವುದೆ ಎಂದು ಹಿರಿಯರೊಬ್ಬರು ನೊಂದುಕೊಂಡರು. ಅವರ ನೋವು ಸುಳ್ಳಲ್ಲ. ಊರು ಬಿಟ್ಟು ನಲವತ್ತು ವರ್ಷವಾದವರಿಗೆ ಬಿಟ್ಟುಬಂದದ್ದು ಇದ್ದ ಹಾಗೆಯೇ ಉಳಿಯಲಿ ಎಂಬ ಆಸೆಯಿರುವುದು ಸಹಜ. ನಾವು ಚೌಡಯ್ಯನವರ ಏಳು ತಂತಿಯ ಕಥೆ ಹೇಳಿದೆವು. ಬೆಂಗಳೂರಿನ ಸ್ವರಾತ್ಮ ತಂಡ ೨೦೦೯ರ ತನ್ನ ಮೊದಲ ಆಲ್ಬಮ್ಮಿನಲ್ಲೇ ಗಿಟಾರು ಡ್ರಮ್ಮುಗಳ ಜತೆ ಪಿಟೀಲನ್ನು ಕೂರಿಸಿಕೊಂಡು ಕನ್ನಡದಲ್ಲಿಯೂ ಹಾಡಿದೆಯೆಂದೆವು. ಕಡೆಗೆ, ಒಂದೇ ಹಾಡು, ಅದೂ ಊಟಕ್ಕೆ ಮುಂಚೆ, ಎಂದು ತೀರ್ಮಾನವಾಯಿತು.

ಆ ಸಂಜೆ ಮೊದಲ ಚರಣದಲ್ಲಿ ಡ್ರಮ್ಮಿನ ಮುಂದೆ ಪಿಟೀಲು ಕೇಳಿಸಲೇ ಇಲ್ಲ. ಹಿರಿಯರು ನಮ್ಮ ಕಡೆ ತಿರುಗಿ ನೋಡಿದರು. ನಾವು ಚಪ್ಪಲಿ ನೋಡಿಕೊಂಡೆವು. ಎರಡನೆಯ ಚರಣಕ್ಕೆ ಡ್ರಮ್ಮಿನ ಹುಡುಗ ತಾನೇ ಅರಿತು ಕೈ ತಗ್ಗಿಸಿದ, ಪಿಟೀಲು ಮೇಲೆದ್ದಿತು. ಹಿಂದಿನ ಸಾಲಿನಲ್ಲಿ ಫೋನು ನೋಡುತ್ತಿದ್ದ ನಮ್ಮ ಸಂಘದ ಮಕ್ಕಳು ಒಬ್ಬೊಬ್ಬರಾಗಿ ತಲೆಯೆತ್ತಿದರು. ಕನ್ನಡ ಒಂದಕ್ಷರ ತಿಳಿಯದ ಆ ಇಬ್ಬರು ಗುಜರಾತಿ ಹುಡುಗರೂ ಪಲ್ಲವಿಗೆ ದನಿಗೂಡಿಸಿದ್ದರು. ಮುಗಿದ ಮೇಲೆ ಆ ಹಿರಿಯರು ಏನೂ ಹೇಳಲಿಲ್ಲ. ಊಟದ ಸಾಲಿನಲ್ಲಿ ಡ್ರಮ್ಮಿನ ಹುಡುಗನ ಎಲೆಗೆ ಎರಡನೆಯ ಹೋಳಿಗೆ ಹಾಕಿಸಿದ್ದನ್ನು ಮಾತ್ರ ನಾವು ಕಣ್ಣಾರೆ ಕಂಡೆವು.

ಮನೆಗೆ ಬರುವ ದಾರಿಯಲ್ಲಿ ಮಗಳು ಕೇಳಿದಳು, “ಹೇಗಿತ್ತು ಅಜ್ಜಿ?”

“ಡ್ರಮ್ಮು ಜಾಸ್ತಿಯಾಯ್ತು. ಶ್ರುತಿ ಚೆನ್ನಾಗಿತ್ತು” ಎಂದರು ನಮ್ಮ ತಾಯಿ. ಚೌಡಯ್ಯನವರನ್ನು ಕೇಳಿದ ಕಿವಿಯಿಂದ ಇದು ಸಣ್ಣ ಬಿರುದಲ್ಲ.

ಓದುಗ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಮನೆಯ ಮುಚ್ಚಿದ ಕೋಣೆಯಿಂದಲೂ ಒಂದು ದಿನ ಇಂಥ ಗದ್ದಲ ಹೊರಬಿದ್ದೀತು. “ನಿಲ್ಲಿಸು” ಎನ್ನುವ ಹಕ್ಕು ನಿಮಗಿದ್ದೇ ಇದೆ. ಅದನ್ನು ಚಲಾಯಿಸುವ ಮೊದಲು ಬಾಗಿಲಿಗೊರಗಿ ಒಂದು ಹಾಡಿನಷ್ಟು ಹೊತ್ತು ಕೇಳಿರಿ. ಪಂಕ್ ಹಾಡಲ್ಲವೆ, ಮೂರು ನಿಮಿಷದಲ್ಲಿ ಮುಗಿದುಹೋಗುತ್ತದೆ.